ಲೋಣಾರದ ಸರೋವರ: ಒಂದು ತಪ್ಪೊಪ್ಪಿಗೆ



ಪ್ರವಾಸವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ಈ ಭಾಷಣವನ್ನು ನಮ್ಮ ತಪ್ಪೊಂದರ ಒಪ್ಪಿಗೆಯೆಂದು ತಾವು ತಿಳಿಯಬೇಕು.

ಸೊಲ್ಲಾಪುರದ ಸೀಮೆಯಲ್ಲಿ ನಾವು ತುಳಿಯುವ ಎರೆಮಣ್ಣು ಅಗ್ನಿಯಿಂದ ಹುಟ್ಟಿದುದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿದ ಲಾವಾರಸವು ಪದರಪದರವಾಗಿ ಹರಡಿ, ಆರಿ, ಕರಿಗಲ್ಲಾಯಿತು. ಆ ಕಲ್ಲು ಸವೆದು ನಮ್ಮ ಜೋಳದ ಹೊಲವಾಯಿತು. ಅದೇ ಕಲ್ಲಿನ ನಾಡಾದ ಬುಲಢಾಣಾ ಜಿಲ್ಲೆಯ ಲೋಣಾರದಲ್ಲಿ ದುಂಡಗಿನ ಮಹಾಕುಳಿಯೊಂದುಂಟು. ಅದರ ತಳದಲ್ಲಿ ಉಪ್ಪುನೀರಿನ ಸರೋವರ. ಅದು ಆರಿದ ಜ್ವಾಲಾಮುಖಿಯ ಬಾಯಿಯೆಂದು ಬಹುಕಾಲ ಅನೇಕರು ಭಾವಿಸಿದ್ದರು. ನಾವೂ ಬಾಲ್ಯದಲ್ಲಿ ಕೇಳಿದುದನ್ನೇ ತರಗತಿಯಲ್ಲಿ ಹೇಳುತ್ತ ಬಂದೆವು.

ಕಳೆದ ಚಳಿಗಾಲದಲ್ಲಿ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋದೆವು. ಕುಳಿಯ ಅಡ್ಡಳತೆ ಸುಮಾರು 1.8 ಕಿಲೋಮೀಟರು, ಆಳ ಸುಮಾರು 137 ಮೀಟರು. ಇಳಿದಂತೆಲ್ಲ ಗಾಳಿ ಅಡಗಿತು, ಮರಗಳು ದಟ್ಟವಾದವು. ದಡದ ಕಮಲಜಾದೇವಿಯ ಗುಡಿಗೆ ಕೈಮುಗಿದು ನೀರನ್ನು ಮುಟ್ಟಿದರೆ ಅದು ಸಾಬೂನಿನಂತೆ ಬೆರಳಿಗೆ ಜಾರಿತು. ಆಗ ಒಬ್ಬ ಹುಡುಗಿ ಕೇಳಿದಳು: "ಗುರುಗಳೇ, ಇದು ಬೆಂಕಿಯ ಬಾಯಿಯಾದರೆ ಇಲ್ಲಿಂದ ಉಕ್ಕಿದ ಲಾವಾ ಎಲ್ಲಿ ಹೋಯಿತು?"

ನಮ್ಮಲ್ಲಿ ಉತ್ತರವಿರಲಿಲ್ಲ.

ಊರಿಗೆ ಮರಳಿ ಓದಿ ನೋಡಿದೆವು. ಕುಳಿಯ ಅಂಚಿನಲ್ಲಿ ಹಳೆಯ ಕಲ್ಲಿನ ಪದರಗಳೇ ಮೇಲಕ್ಕೆದ್ದು ಹೊರಕ್ಕೆ ಬಾಗಿವೆ. ಭಾರೀ ಆಘಾತದ ಒತ್ತಡದಿಂದಷ್ಟೇ ಉಂಟಾಗುವ ಗಾಜು ಅಲ್ಲಿನ ಕಲ್ಲಿನಲ್ಲಿ ದೊರೆತುದನ್ನು ವಿಜ್ಞಾನಿಗಳು 1973ರಲ್ಲಿಯೇ ಪ್ರಕಟಿಸಿದ್ದರು. ಕುಳಿಯನ್ನು ತೋಡಿದುದು ಆಕಾಶದಿಂದ ಬಿದ್ದ ಉಲ್ಕೆ. ಲವಣಾಸುರನ ನೆಲದಡಿಯ ಬಿಲದ ಮುಚ್ಚಳವನ್ನು ವಿಷ್ಣುವು ಕಾಲಿನಿಂದ ಸರಿಸಿ ಅವನನ್ನು ಕೊಂದನೆಂಬ ಅಲ್ಲಿನ ಸ್ಥಳಕಥೆಯಲ್ಲಿಯೂ ಪೆಟ್ಟು ಮೇಲಿನಿಂದಲೇ ಬಂದಿದೆ!

ಮರುದಿನ ತರಗತಿಯಲ್ಲಿ ನಿಂತು, "ನಾವು ಹೇಳಿದ್ದು ತಪ್ಪು" ಎಂದೆವು. ಹುಡುಗರು ನಗಲಿಲ್ಲ, ಪುಸ್ತಕ ತೆರೆದು ತಿದ್ದಿಕೊಂಡರು.

ಬಂಧುಗಳೇ, ಗಡಿಯಲ್ಲಿ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವ ತಂದೆತಾಯಿಗಳು ನಮ್ಮ ಮೇಲೆ ದೊಡ್ಡ ಭಾರವನ್ನಿಟ್ಟಿದ್ದಾರೆ. ನೆರೆಮನೆಯ ಮಗು ಮರಾಠಿಯಲ್ಲಿ ಅರಿತ ಸತ್ಯವು ನಮ್ಮ ಮಗುವಿಗೆ ಕನ್ನಡದಲ್ಲಿ ದೊರೆಯದಿದ್ದರೆ, ಭಾಷಾಭಿಮಾನದ ಎಷ್ಟು ಭಾಷಣಗಳೂ ಆ ಶಾಲೆಯನ್ನು ಉಳಿಸಲಾರವು. ಕನ್ನಡ ಕಲಿಸುವ ನಾವು ದಿನವೂ ಕಲಿಯಬೇಕು. ಆ ಹುಡುಗಿಯ ಪ್ರಶ್ನೆಗೆ ಋಣಿಗಳಾಗಿ ಮಾತನ್ನು ಮುಗಿಸುತ್ತೇವೆ.