ಬಾಗಿದ ಕಾಲು, ಬಿಪಿ ಪಟ್ಟಿ ಮತ್ತು ತೂಕದ ಲೆಕ್ಕ

ಮಕ್ಕಳೇ, ರಿಕೆಟ್ಸ್ ಬಗ್ಗೆ ವಿಜ್ಞಾನದ ಪಾಠದಲ್ಲಿ ನೀವು ಓದಿರುತ್ತೀರಿ. ಡಿ ವಿಟಮಿನ್ ಸಾಲದೆ ಮೂಳೆ ಮೆತ್ತಗಾಗುತ್ತದೆ, ಮೈಭಾರ ಹೊತ್ತ ಕಾಲು ಹಸಿ ಕೋಲಿನ ಹಾಗೆ ಬಾಗುತ್ತದೆ. ಬಿಸಿಲು ಬಿದ್ದರೆ, ಡಿ ವಿಟಮಿನ್ ಕೊಟ್ಟರೆ ವಾಸಿಯಾಗುತ್ತದೆ. ಆದರೆ ಕೆಲವು ಮಕ್ಕಳಿಗೆ ಬಿಸಿಲು, ಹಾಲು, ಮೊಟ್ಟೆ ಎಲ್ಲ ಸಿಕ್ಕರೂ ಕಾಲು ಬಾಗುತ್ತಲೇ ಹೋಗುತ್ತದೆ. 1937ರಲ್ಲಿ ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ ಮತ್ತು ಅವರ ಜೊತೆಗಾರರು ಇಂಥ ಒಬ್ಬ ಹುಡುಗನ ಬಗ್ಗೆ ಬರೆದರು. ಮಾಮೂಲಿ ಪ್ರಮಾಣದ ಡಿ ವಿಟಮಿನ್‌ಗೆ ಅವನ ರಿಕೆಟ್ಸ್ ಜಗ್ಗಿರಲಿಲ್ಲ.

ಇದು ಹುಟ್ಟಿನಿಂದ ಬರುವ ರಿಕೆಟ್ಸ್. ಇದರಲ್ಲಿ ಹೆಚ್ಚಾಗಿ ಕಾಣುವ ಬಗೆಗೆ ವೈದ್ಯರು ಎಕ್ಸ್‌ಎಲ್‌ಎಚ್ ಎನ್ನುತ್ತಾರೆ. ಸುಮಾರು 20,000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಎಕ್ಸ್ ಕ್ರೋಮೋಸೋಮಿನಲ್ಲಿರುವ ಫೆಕ್ಸ್ ಎಂಬ ಜೀನ್ ಕೆಟ್ಟಿರುವುದೇ ಇದರ ಮೂಲ ಎಂದು 1995ರಲ್ಲಿ ಗೊತ್ತಾಯಿತು. ಅಪ್ಪನಿಗೆ ಈ ತೊಂದರೆ ಇದ್ದರೆ ಅವನ ಹೆಣ್ಣುಮಕ್ಕಳಿಗೆಲ್ಲ ಬರುತ್ತದೆ, ಗಂಡುಮಕ್ಕಳಿಗೆ ಬರುವುದಿಲ್ಲ. ಮಗನಿಗೆ ಅಪ್ಪ ಕೊಡುವುದು ವೈ ಕ್ರೋಮೋಸೋಮ್ ತಾನೆ? ಅಮ್ಮನಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಮನೆಯಲ್ಲಿ ಯಾರಿಗೂ ಇಲ್ಲದೆ ಹೊಸದಾಗಿ ಕಾಣಿಸಿಕೊಳ್ಳುವುದೂ ಉಂಟು. ಯಾರ ತಪ್ಪಿನಿಂದಲೂ ಬಂದದ್ದಲ್ಲ ಇದು.

ಮೈಯೊಳಗೆ ನಡೆಯುವುದು ಹೀಗೆ. ಮೂಳೆ ಗಟ್ಟಿಯಾಗಲು ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಎರಡೂ ಬೇಕು. ಕಿಡ್ನಿ ರಕ್ತವನ್ನು ಸೋಸುವಾಗ ಫಾಸ್ಫೇಟ್ ಕೆಳಗಿಳಿಯುತ್ತದೆ, ಆಮೇಲೆ ಅದರ ಬಹುಪಾಲನ್ನು ಕಿಡ್ನಿಯೇ ಮತ್ತೆ ರಕ್ತಕ್ಕೆ ಸೇರಿಸುತ್ತದೆ. ‘ಇಷ್ಟು ಸೇರಿಸಿದ್ದು ಸಾಕು’ ಎಂದು ಹೇಳುವ ಹಾರ್ಮೋನ್ ಒಂದಿದೆ, ಎಫ್‌ಜಿಎಫ್ 23 ಅಂತ. ಅದು ತಯಾರಾಗುವುದು ಮೂಳೆಯಲ್ಲೇ! ಎಕ್ಸ್‌ಎಲ್‌ಎಚ್ ಇರುವವರಲ್ಲಿ ಈ ಹಾರ್ಮೋನ್ ಅತಿಯಾಗುತ್ತದೆ. ಆಗ ಫಾಸ್ಫೇಟ್ ಮೂತ್ರದಲ್ಲಿ ಹರಿದುಹೋಗುತ್ತದೆ. ಡಿ ವಿಟಮಿನ್ ಕೆಲಸಕ್ಕೆ ಬರುವ ರೂಪಕ್ಕೆ ತಿರುಗುವುದೂ ಕಡಿಮೆಯಾಗುತ್ತದೆ.

ಇಂಥ ಮಗು ಆಸ್ಪತ್ರೆಗೆ ಬಂದರೆ ಎಲ್ಲರ ಕಣ್ಣೂ ಕಾಲಿನ ಮೇಲೆ. ಸಹಜವೇ. ಆದರೆ ತಕ್ಕಡಿಯನ್ನೂ ತೋಳಿಗೆ ಸುತ್ತುವ ಬಿಪಿ ಪಟ್ಟಿಯನ್ನೂ ಮರೆಯಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ತೂಕ. ಫ್ರಾನ್ಸಿನ ವೈದ್ಯರು ಎಕ್ಸ್‌ಎಲ್‌ಎಚ್ ಇರುವ ಮಕ್ಕಳ ತೂಕವನ್ನು ವರ್ಷಗಟ್ಟಲೆ ಗಮನಿಸಿ 2020ರಲ್ಲಿ ಪ್ರಕಟಿಸಿದರು. ಸುಮಾರು ಮೂವರಲ್ಲಿ ಒಬ್ಬರ ತೂಕ ಇರಬೇಕಾದ್ದಕ್ಕಿಂತ ಹೆಚ್ಚಿತ್ತು. ಕಾಲು ನೋಯುವ ಮಗು ಕಬಡ್ಡಿಗೆ, ಓಟಕ್ಕೆ ಇಳಿಯುವುದು ಕಡಿಮೆ. ಹೀಗೆ ಕೂತಲ್ಲೇ ಕೂತರೆ ತೂಕ ಏರುತ್ತದೆ, ಏರಿದ ತೂಕ ಬಾಗಿದ ಕಾಲನ್ನೇ ಇನ್ನಷ್ಟು ಒತ್ತುತ್ತದೆ, ನೋವು ಹೆಚ್ಚುತ್ತದೆ, ಆಟ ಮತ್ತೂ ದೂರವಾಗುತ್ತದೆ.

ಆದರೆ ಈ ಲೆಕ್ಕದಲ್ಲಿ ಒಂದು ತೊಡಕಿದೆ. ತೂಕ ಹೆಚ್ಚೋ ಕಡಿಮೆಯೋ ಎಂದು ತಿಳಿಯಲು ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸುತ್ತಾರೆ. 30 ಕಿಲೋ ತೂಗುವ ಹುಡುಗಿ 1.30 ಮೀಟರ್ ಎತ್ತರ ಇದ್ದರೆ ಉತ್ತರ ಸುಮಾರು 17.8. ಅದೇ ತೂಕದವಳು 1.20 ಮೀಟರ್ ಇದ್ದರೆ 20.8. ನೀವೇ ಭಾಗಿಸಿ ನೋಡಿ! ಎಕ್ಸ್‌ಎಲ್‌ಎಚ್‌ನಲ್ಲಿ ಮುಂಡ ಹೆಚ್ಚುಕಡಿಮೆ ಎಲ್ಲರಂತೆ ಬೆಳೆದರೂ ಕಾಲು ಗಿಡ್ಡವಾಗಿ ಉಳಿಯುತ್ತದೆ, ಬಾಗಿರುವುದರಿಂದ ಅಳತೆಗೆ ಇನ್ನೂ ಕಡಿಮೆ ಸಿಗುತ್ತದೆ. ಹಾಗಾಗಿ ಕೊಬ್ಬು ಅಷ್ಟೇನೂ ಇಲ್ಲದಿದ್ದರೂ ಸಂಖ್ಯೆ ಮೇಲೆ ಹೋಗಬಹುದು. ಅದಕ್ಕೇ ಜಾಣ ವೈದ್ಯರು ಕೂತಾಗಿನ ಎತ್ತರ, ಸೊಂಟದ ಸುತ್ತಳತೆಯನ್ನೂ ನೋಡುತ್ತಾರೆ, ಹಿಂದಿನ ವರ್ಷಗಳ ತೂಕದ ಜೊತೆ ಹೋಲಿಸುತ್ತಾರೆ. ಒಂದು ಸಂಖ್ಯೆ ನೋಡಿ ಮಗುವನ್ನು ‘ದಪ್ಪ’ ಎಂದುಬಿಡುವುದು ಅನ್ಯಾಯ.

ಇನ್ನು ರಕ್ತದೊತ್ತಡ. ಎಕ್ಸ್‌ಎಲ್‌ಎಚ್ ಇರುವ ಎಲ್ಲ ಮಕ್ಕಳಿಗೂ ಬಿಪಿ ಏರುವುದಿಲ್ಲ. ಏರಲು ಕಾರಣಗಳು ಇವೆ, ಅಷ್ಟೆ. ಹಲವು ದಶಕಗಳಿಂದ ಈ ಮಕ್ಕಳಿಗೆ ಕೊಡುತ್ತಿರುವುದು ಫಾಸ್ಫೇಟ್ ಔಷಧಿ ಮತ್ತು ಕೆಲಸಕ್ಕೆ ಸಿದ್ಧವಾದ ಡಿ ವಿಟಮಿನ್. ಮೂಳೆಗೆ ಇದರಿಂದ ನಿಜಕ್ಕೂ ಒಳ್ಳೆಯದಾಗುತ್ತದೆ. ಆದರೆ ಪ್ರಮಾಣ ಹೆಚ್ಚಾದರೆ ಕಿಡ್ನಿಯಲ್ಲಿ ಕ್ಯಾಲ್ಸಿಯಂ ಕಣಗಳು ಕೂರಬಹುದು, ಮತ್ತು ಬಿಪಿಯನ್ನು ಹದದಲ್ಲಿ ಇಡುವ ಅಂಗಗಳಲ್ಲಿ ಕಿಡ್ನಿಯೂ ಒಂದು. ಕೆಲವು ಫಾಸ್ಫೇಟ್ ಔಷಧಿಗಳಲ್ಲಿ ಸೋಡಿಯಂ ಇರುತ್ತದೆ, ನಮ್ಮ ಅಡುಗೆ ಉಪ್ಪಿನಲ್ಲಿರುವುದೂ ಅದೇ. ಎಫ್‌ಜಿಎಫ್ 23 ಹಾರ್ಮೋನ್ ಸೋಡಿಯಂ ಅನ್ನು ಕಿಡ್ನಿಯಲ್ಲಿ ಹಿಡಿದಿಟ್ಟು ಬಿಪಿ ಏರಿಸುತ್ತದೆ ಎಂದು ವಿಯೆನ್ನಾದ ಸಂಶೋಧಕರು 2014ರಲ್ಲಿ ಇಲಿಗಳಲ್ಲಿ ಕಂಡರು. ಇಲಿಗೆ ಆದದ್ದೆಲ್ಲ ಮಕ್ಕಳಿಗೂ ಆಗಲೇಬೇಕೆಂದಿಲ್ಲ. ಇವಕ್ಕೆಲ್ಲ ಹೆಚ್ಚಿನ ಮೈತೂಕ ಸೇರಿದರೆ ಹೃದಯದ ಕೆಲಸ ಹೆಚ್ಚುತ್ತದೆ. ಯುರೋಪಿನ ತಜ್ಞರ 2019ರ ಮಾರ್ಗಸೂಚಿಯೂ ಈ ಮಕ್ಕಳ ಬಿಪಿಯನ್ನು ತಪ್ಪದೆ ನೋಡಬೇಕು ಎನ್ನುತ್ತದೆ.

ನೋಡುವುದರಲ್ಲೂ ಕ್ರಮ ಇದೆ. ತೋಳಿಗೆ ಚಿಕ್ಕದಾದ ಪಟ್ಟಿ ಸುತ್ತಿದರೆ ಬಿಪಿ ಇಲ್ಲದಷ್ಟು ಹೆಚ್ಚು ತೋರಿಸುತ್ತದೆ, ದೊಡ್ಡ ಪಟ್ಟಿ ಕಡಿಮೆ ತೋರಿಸುತ್ತದೆ. ಪಟ್ಟಿಯೊಳಗಿನ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ ಸುಮಾರು ಶೇಕಡ 40 ಇರಬೇಕು. ಮೆಟ್ಟಿಲು ಹತ್ತಿ ಬಂದ ಕೂಡಲೇ, ಅಥವಾ ಅಳುತ್ತಿರುವಾಗ ನೋಡಿದರೆ ಪ್ರಯೋಜನವಿಲ್ಲ. ಬೆನ್ನಿಗೆ ಒರಗು ಕೊಟ್ಟು, ಪಾದ ನೆಲಕ್ಕೆ ತಾಗಿಸಿ (ಕಾಲು ಗಿಡ್ಡವಿದ್ದರೆ ಕೆಳಗೊಂದು ಮಣೆ ಇಟ್ಟು) ಐದು ನಿಮಿಷ ಸುಮ್ಮನೆ ಕೂರಿಸಬೇಕು. ದೊಡ್ಡವರ 120/80 ಎಂಬ ಅಳತೆಗೋಲು ಚಿಕ್ಕ ಮಕ್ಕಳಿಗೆ ಹೊಂದುವುದಿಲ್ಲ. ವಯಸ್ಸು, ಹುಡುಗನೋ ಹುಡುಗಿಯೋ, ಎತ್ತರ ಎಷ್ಟು, ಇವನ್ನೆಲ್ಲ ಹಿಡಿದು ಮಾಡಿದ ಕೋಷ್ಟಕಗಳಿವೆ. ಗಿಡ್ಡ ಮಗುವಿನ ಮಿತಿ ಅದೇ ವಯಸ್ಸಿನ ಎತ್ತರದ ಮಗುವಿನ ಮಿತಿಗಿಂತ ತುಸು ಕೆಳಗೇ ಇರುತ್ತದೆ. ಒಮ್ಮೆ ಹೆಚ್ಚು ಬಂದರೆ ಗಾಬರಿ ಬೇಡ, ಬೇರೆ ದಿನ ಮತ್ತೆ ನೋಡುತ್ತಾರೆ.

2018ರಲ್ಲಿ ಅಮೆರಿಕ ಮತ್ತು ಯುರೋಪಿನಲ್ಲಿ ಬುರೊಸುಮ್ಯಾಬ್ ಎಂಬ ಚುಚ್ಚುಮದ್ದಿಗೆ ಅನುಮತಿ ಸಿಕ್ಕಿತು. ಅತಿಯಾದ ಎಫ್‌ಜಿಎಫ್ 23 ಹಾರ್ಮೋನನ್ನೇ ಅದು ತಡೆಯುತ್ತದೆ, ಮಕ್ಕಳಿಗೆ ಎರಡು ವಾರಕ್ಕೊಮ್ಮೆ ಕೊಡುತ್ತಾರೆ. ಬೆಲೆ ತುಂಬಾ ಜಾಸ್ತಿ, ಬಹಳ ಮನೆಗಳಿಗೆ ಎಟುಕದು. ಅದನ್ನು ಪಡೆಯುತ್ತಿರುವವರ ಬಿಪಿ, ತೂಕವನ್ನೂ ನೋಡುತ್ತಲೇ ಇರಬೇಕು.

ನಿಮ್ಮ ತರಗತಿಯಲ್ಲಿ ಇಂಥ ಗೆಳೆಯನೋ ಗೆಳತಿಯೋ ಇದ್ದರೆ, ಅವರು ಫಾಸ್ಫೇಟ್ ಔಷಧಿಯನ್ನು ದಿನಕ್ಕೆ ನಾಲ್ಕೈದು ಸಲ ಕುಡಿಯಬೇಕಾಗಿ ಬರಬಹುದು, ಶಾಲೆಯ ಹೊತ್ತಿನಲ್ಲೂ. ಅದರಿಂದ ಹೊಟ್ಟೆ ಕೆಡುವುದೂ ಉಂಟು. ಟೀಚರು ಮಧ್ಯೆ ಎದ್ದುಹೋಗಲು ಬಿಡಬೇಕು. ಆಟದಿಂದ ಹೊರಗಿಡಬೇಡಿ. ಜಿಗಿತ ಬೇಡವೆಂದು ವೈದ್ಯರು ಹೇಳಿದ್ದರೆ ಈಜು ಆಗಬಹುದು, ಗುರಿ ಇಟ್ಟು ಚೆಂಡು ಎಸೆಯುವ ಆಟ ಆಗಬಹುದು. ಯಾವುದು ಆಗುತ್ತದೆ ಎಂದು ಆ ಗೆಳೆಯರನ್ನೇ ಕೇಳಿ.