ಗಾಲಿಯ ಮೇಲಿನ ಭಾರ



ಜಯನಗರ, ಬನಶಂಕರಿ, ಜೆ. ಪಿ. ನಗರಗಳ ಕಡೆ ವಾಸಿಸುವವರು, ರಾತ್ರಿ ಹನ್ನೊಂದರ ಮೇಲೆ ಖಾಲಿ ಬಸ್ಸುಗಳು ಒಂದರ ಹಿಂದೊಂದು ತಂತಮ್ಮ ಡಿಪೋಗಳ ಕಡೆಗೆ ಸಾಗುವುದನ್ನು ನೋಡಿರಬಹುದು. ಹಾಲಿನವನು ಬಾಗಿಲಿಗೆ ಬರುವ ಹೊತ್ತಿಗೆ ಅವೇ ಬಸ್ಸುಗಳು ಮತ್ತೆ ಬೀದಿಗೆ ಇಳಿದಿರುತ್ತವೆ. ನಡುವಣ ನಾಲ್ಕೈದು ಗಂಟೆಗಳಲ್ಲಿ ಗೋಡೆಯ ಆಚೆ ಏನು ನಡೆಯಿತೆಂಬುದನ್ನು ನಿದ್ರೆಯಲ್ಲಿರುವ ನಾವು ಯೋಚಿಸುವುದಿಲ್ಲ. ಆ ಬಸ್ಸುಗಳಲ್ಲಿ ಒಂದೊಂದೂ ಖಾಲಿಯಿದ್ದಾಗಲೇ ಹತ್ತು ಟನ್ನಿನ ಆಸುಪಾಸು ತೂಗುವ ವಸ್ತು. ಅಂಥ ನೂರು ವಸ್ತುಗಳು ಒಂದು ಆವರಣದೊಳಕ್ಕೆ ಬರಬೇಕು, ತೊಳೆಯಲ್ಪಡಬೇಕು, ಎಣ್ಣೆ ತುಂಬಿಸಿಕೊಳ್ಳಬೇಕು, ನಿಲ್ಲಬೇಕು, ನಸುಕಿನಲ್ಲಿ ಗೊತ್ತಾದ ಹೊತ್ತಿಗೆ ಹೊರಡಬೇಕು. ಇವೆಲ್ಲವೂ ಕತ್ತಲೆಯಲ್ಲಿ, ಬಸ್ಸುಗಳ ನಡುವೆ ಮನುಷ್ಯರು ಓಡಾಡುತ್ತಿರುವಾಗಲೇ ಆಗಬೇಕು.

ಭಾರವಾದ, ಆದರೆ ಗಾಲಿಯುಳ್ಳ ಸಾಧನಗಳನ್ನು ಇರಿಸುವ ಮತ್ತು ನಡೆಸುವ ಬಗೆಯೇ ಈ ಸಂಜೆ ನಾವು ಆರಿಸಿಕೊಂಡಿರುವ ವಿಷಯ. ಇದು ಬಸ್ಸು ಡಿಪೋಗೆ ಮಾತ್ರ ಸೇರಿದ್ದಲ್ಲ. ಸಾರಕ್ಕಿಯ ಕೈಗಾರಿಕಾ ಬಡಾವಣೆಯಲ್ಲಿ, ಯಲಚೇನಹಳ್ಳಿಯ ಸಣ್ಣ ಕಾರ್ಖಾನೆಗಳಲ್ಲಿ, ಆಸ್ಪತ್ರೆಗಳ ನೆಲಮಾಳಿಗೆಗಳಲ್ಲಿ, ಗಾಲಿಯ ಮೇಲೆ ಕೂತ ಜನರೇಟರು, ಕಂಪ್ರೆಸರು, ಸರಕಿನ ಟ್ರಾಲಿ ಇರುವ ಪ್ರತಿಯೊಂದು ಉಗ್ರಾಣದಲ್ಲಿಯೂ ಪ್ರಶ್ನೆ ಇದೇ. ನಮ್ಮ ಅಭಿಪ್ರಾಯವನ್ನು ಮೊದಲೇ ಅರಿಕೆ ಮಾಡಿಬಿಡುತ್ತೇವೆ: ಭಾರವನ್ನು ತೋಳ್ಬಲದಿಂದ ಗೆಲ್ಲಲಾಗದು, ಕ್ರಮದಿಂದ ಗೆಲ್ಲಬಹುದು. ಕ್ರಮ ತಪ್ಪಿದ ಕಡೆ ಆ ತಪ್ಪಿನ ಬೆಲೆಯನ್ನು ತೆರತಕ್ಕವನು ಯಂತ್ರದ ಒಡೆಯನಲ್ಲ, ಅದರ ಪಕ್ಕದಲ್ಲಿ ನಿಂತ ಕೆಲಸಗಾರ.

ಬೆಂಗಳೂರಿಗೆ ಈ ಪ್ರಶ್ನೆ ಹೇಗೆ ಬಂದಿತೆಂಬುದನ್ನು ಎರಡು ಮಾತಿನಲ್ಲಿ ನೆನೆಯೋಣ. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪೆನಿ ನಗರದಲ್ಲಿ ಬಸ್ಸುಗಳನ್ನು ನಡೆಸತೊಡಗಿತು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳಿಂದ ಆರಂಭವಾಯಿತು. ಜಯನಗರಕ್ಕೆ ಅಸ್ತಿಭಾರ ಬಿದ್ದದ್ದೂ ಅದೇ ವರ್ಷ. 1956ರಲ್ಲಿ ನಗರದ ಬಸ್ಸುಗಳು ಸರ್ಕಾರದ ವಶಕ್ಕೆ ಬಂದವು. 1997ರಲ್ಲಿ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ ಪ್ರತ್ಯೇಕವಾಗಿ ಏರ್ಪಟ್ಟಿತು. ಈಗ ಆ ಸಂಸ್ಥೆಯ ಬಸ್ಸುಗಳ ಸಂಖ್ಯೆ ಸಾವಿರಗಳಲ್ಲಿದೆ. ಬಸ್ಸುಗಳು ಹೆಚ್ಚಿದವು, ಬಡಾವಣೆಗಳು ಹೆಚ್ಚಿದವು. ಹೆಚ್ಚದೆ ಉಳಿದದ್ದು ನೆಲವೊಂದೇ.

ಆದುದರಿಂದ ಮೊದಲು ನೆಲದ ಲೆಕ್ಕವನ್ನೇ ಮಾಡೋಣ. ದೊಡ್ಡ ಬಸ್ಸೊಂದರ ಉದ್ದ ಸುಮಾರು 40 ಅಡಿ, ಅಗಲ ಎಂಟೂವರೆ ಅಡಿ. ಒಂದರ ಹಿಂದೊಂದನ್ನು ಒತ್ತಾಗಿ ಸಾಲುಹಿಡಿಸಿ, ನಡುವೆ ಮನುಷ್ಯ ನುಸುಳುವಷ್ಟು ತೆರಪು ಬಿಟ್ಟರೆ, ಬಸ್ಸಿಗೆ 450 ಚದರಡಿ ಸಾಕು. ಪ್ರತಿಯೊಂದು ಬಸ್ಸೂ ಇನ್ನೊಂದನ್ನು ಅಲುಗಿಸದೆ ತಾನೇ ಹೊರಡುವಂತಿರಬೇಕಾದರೆ, ಎರಡು ಸಾಲುಗಳ ನಡುವೆ 50 ಅಡಿ ಅಗಲದ ಓಣಿ ಬೇಕೆಂದಿಟ್ಟುಕೊಳ್ಳೋಣ. ತಿರುಗುವುದಕ್ಕೆ ಪಕ್ಕದಲ್ಲಿಯೂ ಹೆಚ್ಚು ತೆರಪು ಬೇಕಾಗುತ್ತದೆ. ಆಗ ಬಸ್ಸಿಗೆ 780 ಚದರಡಿ ಹಿಡಿಯುವುದು. ನೂರು ಬಸ್ಸಿಗೆ ಮೊದಲನೆಯ ಬಗೆಯಲ್ಲಿ ಒಂದು ಎಕರೆ, ಎರಡನೆಯ ಬಗೆಯಲ್ಲಿ ಎರಡು ಎಕರೆಗೆ ಸ್ವಲ್ಪ ಕಡಿಮೆ. ದಕ್ಷಿಣ ಬೆಂಗಳೂರಿನಲ್ಲಿ ಒಂದು ಎಕರೆಯ ಬೆಲೆಯೇನೆಂಬುದನ್ನು ಶ್ರೋತೃಗಳಿಗೆ ನಾವು ಹೇಳಬೇಕಾಗಿಲ್ಲ.

ಹಾಗಾದರೆ ಒತ್ತಾಗಿ ನಿಲ್ಲಿಸುವುದೇ ಜಾಣತನವಲ್ಲವೇ ಎಂದು ಕೇಳಬಹುದು. ಜಾಣತನವೇ ಹೌದು, ಒಂದು ನಿಯಮಕ್ಕೆ ಒಳಪಟ್ಟರೆ. ನಮ್ಮ ಹಿರಿಯರು ಧಾನ್ಯವನ್ನು ಎರಡು ಬಗೆಯಲ್ಲಿ ಇಡುತ್ತಿದ್ದರು. ನೆಲದೊಳಗೆ ತೋಡಿದ ಹಗೇವಿಗೆ ಬಾಯಿ ಒಂದೇ. ಕಡೆಯಲ್ಲಿ ಸುರಿದ ರಾಗಿಯೇ ಮೊದಲು ಕೈಗೆ ಬರುವುದು. ಕೆಳಗಡೆ ಕಂಡಿಯಿರುವ ಕಣಜವಾದರೋ ಮೇಲಿನಿಂದ ತುಂಬಿ ಕೆಳಗಿನಿಂದ ತೆಗೆಯತಕ್ಕದ್ದು. ಮೊದಲು ಹಾಕಿದ್ದೇ ಮೊದಲು ಬರುವುದು. ಗಾಲಿಯಂತ್ರಗಳ ಸಾಲಿಗೂ ಇದೇ ನ್ಯಾಯ. ಒಂದೇ ಕಡೆ ಬಾಯಿಯಿರುವ ಸಾಲಿನಲ್ಲಿ ಮೊದಲು ಹೊರಡಬೇಕಾದದ್ದು ಕಡೆಗೆ ಒಳಹೋಗಬೇಕು. ಎರಡು ಕಡೆಯೂ ಬಾಯಿಯಿದ್ದರೆ ಬಂದ ಕ್ರಮದಲ್ಲಿಯೇ ಹೊರಡಬಹುದು. ಸಾಲಿನ ಯಜಮಾನನು ರಾತ್ರಿ ಕೇಳಬೇಕಾದ ಪ್ರಶ್ನೆ “ಇದಕ್ಕೆ ಎಲ್ಲಿ ಜಾಗವಿದೆ?” ಎಂಬುದಲ್ಲ, “ಇದು ನಾಳೆ ಎಷ್ಟು ಹೊತ್ತಿಗೆ ಹೊರಡಬೇಕು?” ಎಂಬುದು. ಕೆಟ್ಟು ನಿಂತ ಬಸ್ಸನ್ನು ಯಾವ ಸಾಲಿಗೂ ಸೇರಿಸದೆ ಬೇರೆಯೇ ಇಡಬೇಕು. ಸಾಲಿನ ತಲೆಯಲ್ಲಿ ಕೆಟ್ಟು ನಿಂತ ಒಂದು ಬಸ್ಸು ಅದರ ಹಿಂದಿನ ಹತ್ತನ್ನು ಸೆರೆಹಿಡಿಯುತ್ತದೆ. ಈಚೆಗೆ ಬಂದಿರುವ ವಿದ್ಯುತ್ ಬಸ್ಸುಗಳಿಂದ ಈ ಲೆಕ್ಕಕ್ಕೆ ಇನ್ನೊಂದು ಗಂಟು ಬಿದ್ದಿದೆ. ಅವು ವಿದ್ಯುತ್ತು ತುಂಬುವ ಕಂಬದ ಬಳಿಯೇ ನಿಲ್ಲಬೇಕಷ್ಟೆ.

ಕ್ರಮದ ಈ ಪಾಠ ನಮ್ಮ ನಾಡಿಗೆ ಹೊಸತಲ್ಲ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳು ಒಂದೇ ಬೀದಿಯಲ್ಲಿ ಸಾಗುತ್ತವೆ. ಮೊದಲು ಗಣಪತಿಯ ತೇರು. ಶ್ರೀಕಂಠೇಶ್ವರನ ಗೌತಮ ರಥ ಅವುಗಳಲ್ಲೆಲ್ಲ ದೊಡ್ಡದು. ಅಲ್ಲಿ ಹಿಂದಿನ ತೇರು ಮುಂದಿನದನ್ನು ದಾಟಿ ಹೋಗುವ ಮಾತೇ ಇಲ್ಲ. ಅದೇ ನ್ಯಾಯದ ಕಟ್ಟುನಿಟ್ಟಾದ ರೂಪವನ್ನು ಇಂದು ನಮ್ಮ ಮೆಟ್ರೋ ರೈಲಿನಲ್ಲಿ ಕಾಣಬಹುದು. 2025ರ ಆಗಸ್ಟ್ 10ರಂದು ಆರಂಭವಾದ ಹಳದಿ ಮಾರ್ಗವು ಆರ್. ವಿ. ರಸ್ತೆಯಿಂದ ರಾಗಿಗುಡ್ಡ, ಜಯದೇವ ಆಸ್ಪತ್ರೆ, ಬಿ. ಟಿ. ಎಂ. ಬಡಾವಣೆಗಳ ಮೇಲೆ ಹಾದು ಬೊಮ್ಮಸಂದ್ರಕ್ಕೆ ಹೋಗುತ್ತದೆ. ಅದರ ಗಾಡಿಗಳು ತಂಗುವ ಡಿಪೋ ಹೆಬ್ಬಗೋಡಿಯಲ್ಲಿದೆ. ಕಂಬಿಯ ಮೇಲಿರುವ ಗಾಡಿ ಒಂದು ಗೇಣೂ ಪಕ್ಕಕ್ಕೆ ಸರಿಯಲಾರದು. ಯಾವುದು ಯಾವ ಕಂಬಿಯಲ್ಲಿ ನಿಲ್ಲಬೇಕೆಂಬುದನ್ನು ತಪ್ಪಾಗಿ ಗೊತ್ತುಮಾಡಿದರೆ ಅದನ್ನು ತೋಳಿನಿಂದ ತಿದ್ದುವ ಉಪಾಯವೇ ಇಲ್ಲ.

ಇನ್ನು ನಡೆಸುವ ವಿಚಾರ. ಗಾಲಿಯ ಮಹಿಮೆ ದೊಡ್ಡದು. ಹತ್ತು ಟನ್ನಿನ ಬಸ್ಸನ್ನು ಮಟ್ಟಸವಾದ ಕಾಂಕ್ರೀಟು ನೆಲದ ಮೇಲೆ ಉರುಳಿಸುತ್ತ ಹೋಗಲು ಅದರ ತೂಕದ ನೂರರಲ್ಲೊಂದು ಪಾಲಿನಷ್ಟು, ಎಂದರೆ ಸುಮಾರು 100 ಕಿಲೋಗ್ರಾಂ ಎಳೆತ ಸಾಕು. ಉಕ್ಕಿನ ಕಂಬಿಯ ಮೇಲೆ ಉಕ್ಕಿನ ಗಾಲಿಗೆ ಅದಕ್ಕಿಂತಲೂ ಬಹಳ ಕಡಿಮೆ. ಆದರೆ ಆ ಕಾಂಕ್ರೀಟು ನೆಲವೇ ನೂರು ಅಡಿಗೆ ಒಂದು ಅಡಿ ಏರಿದರೆ ಇನ್ನೊಂದು 100 ಕಿಲೋಗ್ರಾಂ ಸೇರುತ್ತದೆ. ಕಣ್ಣಿಗೆ ಕಾಣದಷ್ಟು ಏರು ಕೆಲಸವನ್ನು ಇಮ್ಮಡಿ ಮಾಡಿತು! ಉಗ್ರಾಣದ ಟ್ರಾಲಿಯ ಸಣ್ಣ ಗಾಲಿಗಳಿಗಂತೂ ನೆಲವೇ ಸರ್ವಸ್ವ. ದೊಡ್ಡ ಗಾಲಿ ಹತ್ತಿ ಇಳಿದುಬಿಡುವ ಜಲ್ಲಿಯ ಚೂರಿಗೆ ಸಣ್ಣ ಗಾಲಿ ಥಟ್ಟನೆ ನಿಲ್ಲುತ್ತದೆ. ಮೇಲಿನ ಭಾರ ಮಾತ್ರ ನಿಲ್ಲದೆ ಮುಂದಕ್ಕೆ ವಾಲುತ್ತದೆ. ಆದಕಾರಣ ಉಗ್ರಾಣದ ಮೊದಲನೆಯ ಯಂತ್ರ ಪೊರಕೆಯೆಂದು ನಾವು ಹೇಳಿದರೆ ಶ್ರೋತೃಗಳು ಹಾಸ್ಯವೆಂದು ಭಾವಿಸಬಾರದು.

ಫೋರ್ಕ್‌ಲಿಫ್ಟ್ ಎಂಬ ಎತ್ತುಗಾಡಿಯ ವಿಚಾರದಲ್ಲಿ ಇನ್ನೂ ಒಂದು ಎಚ್ಚರಿಕೆ ಉಂಟು. ಎರಡೂವರೆ ಟನ್ನು ಎತ್ತುವ ಗಾಡಿ ತಾನೇ ಅದಕ್ಕಿಂತ ಹೆಚ್ಚು ತೂಗುತ್ತದೆ. ಇಲ್ಲವಾದರೆ ಭಾರದ ಕಡೆಗೆ ಮಗುಚಿಬೀಳುವುದು. ಮೇಲಾಗಿ ಅದು ಹಿಂದಿನ ಗಾಲಿಗಳಿಂದ ತಿರುಗತಕ್ಕದ್ದು. ಮುಂಭಾಗ ಎಡಕ್ಕೆ ಹೊರಳಿದಾಗ ಹಿಂಭಾಗ ಬಲಕ್ಕೆ ಬೀಸುತ್ತದೆ. ಮೋಟಾರು ಕಾರಿನ ಅಭ್ಯಾಸವಿರುವವನು ಸುರಕ್ಷಿತವೆಂದು ತಿಳಿದು ನಿಂತ ಸ್ಥಳವೇ ಅಪಾಯದ ಸ್ಥಳ. ಹೀಗಾಗಿ ಅದರ ಓಣಿಯನ್ನು ನೆಲದ ಮೇಲೆ ಬಣ್ಣದ ಗೆರೆಯಿಂದ ಗುರುತಿಸಿ, ಆ ಗೆರೆಯೊಳಗೆ ಮನುಷ್ಯನನ್ನಾಗಲಿ ಮೂಟೆಯನ್ನಾಗಲಿ ಬಿಡಕೂಡದು.

ಈಗ ನಾವೇ ಕಂಡ ಒಂದು ಪ್ರಸಂಗವನ್ನು ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನಗರದ ದಕ್ಷಿಣ ಭಾಗದ ಒಂದು ಉಗ್ರಾಣಕ್ಕೆ ಹೋಗಿದ್ದೆವು. ಅದರ ಹೆಸರು ಇಲ್ಲಿ ಬೇಕಿಲ್ಲ. ಗಾಲಿಗಳ ಮೇಲಿದ್ದ ಒಂದೂವರೆ ಟನ್ನಿನ ಜನರೇಟರನ್ನು ಮೂವರು ಬಾಗಿಲ ಕಡೆಗೆ ತರುತ್ತಿದ್ದರು. ಮಳೆಯ ನೀರು ಹರಿದುಹೋಗಲೆಂದು ಅಲ್ಲಿ ನೆಲವನ್ನು ಬಾಗಿಲ ಕಡೆಗೆ ನೂರಕ್ಕೆ ಮೂರರಷ್ಟು ಇಳಿಜಾರಾಗಿ ಮಾಡಿದ್ದರು. ನೋಡಿದವರಾರೂ ಅದನ್ನು ಇಳಿಜಾರೆನ್ನಲಾರರು. ಅಂಥ ಗಾಲಿಗಳ ಮೇಲಿನ ಆ ಯಂತ್ರವನ್ನು ಉರುಳಿಸಲು ಸುಮಾರು 30 ಕಿಲೋಗ್ರಾಂ ಒತ್ತಡ ಬೇಕು. ಆ ಇಳಿಜಾರೋ 45 ಕಿಲೋಗ್ರಾಂ ಒತ್ತಡವನ್ನು ತಾನಾಗಿಯೇ ಕೊಡುತ್ತದೆ. ಯಂತ್ರ ಮೆಲ್ಲನೆ ತನ್ನಷ್ಟಕ್ಕೆ ಹೊರಟಿತು. ಮುಂದಿದ್ದ ಯುವಕನು ಓಡಲಿಲ್ಲ. ಅಷ್ಟು ಮೆಲ್ಲನೆ ಬರುವುದನ್ನು ಹಿಡಿದು ನಿಲ್ಲಿಸಬಹುದೆಂದು ಎರಡು ಕೈಗಳನ್ನೂ ಚಾಚಿದನು. ಸೆಕೆಂಡಿಗೆ ಮೂರಡಿಯ ನಡಿಗೆಯಲ್ಲಿ ಬರುವ ಒಂದೂವರೆ ಟನ್ನನ್ನು ಒಂದು ಗೇಣಿನೊಳಗೆ ತಡೆದು ನಿಲ್ಲಿಸಲು 300 ಕಿಲೋಗ್ರಾಂ ಬಲ ಬೇಕೆಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಬಾಗಿಲ ಕಂಬಕ್ಕೂ ಯಂತ್ರಕ್ಕೂ ನಡುವೆ ಅವನ ಬಲಗೈ ಸಿಕ್ಕಿತು. ಜೀವ ಉಳಿಯಿತು, ಮೂರು ಬೆರಳುಗಳು ಉಳಿಯಲಿಲ್ಲ. ಅವನು ಮುಂದೆ ಆ ಕೆಲಸಕ್ಕೆ ಬರಲಿಲ್ಲವೆಂದು ತಿಳಿದೆವು.

ಆ ದಿನ ಅಲ್ಲಿ ಇರಬೇಕಾಗಿದ್ದು, ಇಲ್ಲದೆ ಹೋದದ್ದು, ಎರಡು ಮರದ ಬೆಣೆಗಳು. ತೇರನ್ನು ಎಳೆಯುವುದನ್ನು ಕಂಡವರು ನೆನಪುಮಾಡಿಕೊಳ್ಳಲಿ. ಹಗ್ಗ ಹಿಡಿದವರು ನೂರಾರು ಮಂದಿ. ತೇರನ್ನು ನಿಲ್ಲಿಸುವವರೂ ತಿರುಗಿಸುವವರೂ ಗಾಲಿಯ ಬಳಿ ಮರದ ತುಂಡು ಹಿಡಿದು ನಡೆಯುವ ನಾಲ್ಕಾರು ಮಂದಿ ಮಾತ್ರ. ಎಳೆಯುವವರಷ್ಟೇ ತಡೆಯುವವನೂ ಮುಖ್ಯನೆಂದು ಜಾತ್ರೆಯವರು ಬಲ್ಲರು. ಉಗ್ರಾಣದಲ್ಲಿಯೂ ಭಾರವನ್ನು ಅಲುಗಿಸುವ ಮೊದಲು ಬೆಣೆ ಹಿಡಿದವನು ಗಾಲಿಯ ಪಕ್ಕದಲ್ಲಿರಬೇಕು. ಅಪ್ಪಣೆ ಒಬ್ಬನ ಬಾಯಿಂದಲೇ ಬರಬೇಕು. ಇಳಿಜಾರಿನ ಕೆಳಗಡೆ ಯಾರೂ ನಿಲ್ಲಬಾರದು. ಭಾರಿ ಬಸ್ಸುಗಳಲ್ಲಿ ಗಾಳಿಯ ಒತ್ತಡ ಇಳಿದರೆ ಸ್ಪ್ರಿಂಗು ತಾನಾಗಿ ಬ್ರೇಕನ್ನು ಬಿಗಿಯುವ ಏರ್ಪಾಡಿದೆ. ಯಂತ್ರಶಿಲ್ಪಿಗಳು ಬೆಣೆಯವನ ಕೆಲಸವನ್ನು ಯಂತ್ರಕ್ಕೇ ಕಲಿಸಿದ್ದಾರೆ. ಉಗ್ರಾಣದ ಟ್ರಾಲಿಗೆ ಅಂಥ ವಿವೇಕವಿಲ್ಲ. ಅದರ ವಿವೇಕ ನಮ್ಮಿಂದಲೇ ಬರಬೇಕು.

ಶ್ರೋತೃಗಳಲ್ಲಿ ಕಾರ್ಖಾನೆಗಳ ಒಡೆಯರು, ಇಂಜಿನಿಯರುಗಳು, ಕಚೇರಿಗಳಲ್ಲಿ ಖರ್ಚಿಗೆ ಒಪ್ಪಿಗೆ ಕೊಡತಕ್ಕವರು ಅನೇಕರಿರಬಹುದು. ಅವರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ನಾಳೆ ನಿಮ್ಮ ಉಗ್ರಾಣಕ್ಕೆ ಹೋದಾಗ ಗಾರೆಯವನ ರಸಮಟ್ಟವನ್ನು ನೆಲದ ಮೇಲಿಟ್ಟು ನೋಡಿ. ಅದಿಲ್ಲದಿದ್ದರೆ ಮಕ್ಕಳ ಗೋಲಿಯೊಂದನ್ನು ಇಟ್ಟರೂ ಸರಿ, ಇಳಿಜಾರು ಯಾವ ಕಡೆಗೆಂದು ಅದು ತೋರಿಸುತ್ತದೆ. ಪ್ರತಿಯೊಂದು ಗಾಲಿಯಂತ್ರದ ಜೊತೆಗೂ ಎರಡು ಬೆಣೆಗಳನ್ನು ಸರಪಣಿಯಿಂದ ಕಟ್ಟಿಸಿ. ಖಾಲಿ ಬಿಟ್ಟ ಓಣಿಯನ್ನು ಕಂಡು, ಸ್ಥಳ ವ್ಯರ್ಥವಾಯಿತೆಂದು ಅಲ್ಲಿ ಪೆಟ್ಟಿಗೆಗಳನ್ನು ಪೇರಿಸಬೇಡಿ. ಆ ಖಾಲಿ ಸ್ಥಳವೂ ಒಂದು ಸಾಧನವೇ. ಉಳಿದ ಸಾಧನಗಳೆಲ್ಲ ಅದರ ಮೂಲಕವೇ ಕೆಲಸಕ್ಕೆ ಬರತಕ್ಕವು.

ಇಂದು ರಾತ್ರಿಯೂ ಜಯನಗರದ, ಬನಶಂಕರಿಯ ಬೀದಿಗಳಲ್ಲಿ ಖಾಲಿ ಬಸ್ಸುಗಳು ಸಾಲಾಗಿ ಹೋಗುತ್ತವೆ. ಅವುಗಳನ್ನು ಬರಮಾಡಿಕೊಂಡು, ಕೈಸನ್ನೆಯಿಂದ ಹಿಂದು ಮುಂದು ಸರಿಸಿ, ನಾಳೆಯ ಹೊತ್ತಿಗೆ ತಕ್ಕ ಸಾಲಿನಲ್ಲಿ ನಿಲ್ಲಿಸುವವರು ಎಚ್ಚರವಾಗಿರುತ್ತಾರೆ. ಬೆಳಿಗ್ಗೆ ನಮ್ಮ ಬಸ್ಸು ಸಕಾಲಕ್ಕೆ ಬಂದರೆ ಅದರಲ್ಲಿ ಅವರ ಪಾಲೂ ಉಂಟೆಂದು ನೆನೆಯೋಣ. ಅವರು ಹತ್ತು ಬೆರಳುಗಳೊಡನೆ ಮನೆಗೆ ಮರಳುವಂತೆ ನೋಡಿಕೊಳ್ಳುವುದರಲ್ಲಿ ನಮ್ಮ ಪಾಲೂ ಉಂಟು.