ಬದಲಾವಣೆಯ ಪಟ್ಟಿ ಮತ್ತು ಕಡತಗಳ ಶುದ್ಧತೆ



ಭಾರತೀಯ ಭಾಷೆಗಳನ್ನು ಗಣಕಯಂತ್ರಕ್ಕೆ ಅಳವಡಿಸಿದ ಕಾರ್ಯದಲ್ಲಿ ಪುಣೆ ನಗರದ ಪಾತ್ರ ಹಿರಿದು. 1988ರಲ್ಲಿ ಇಲ್ಲಿ ಸ್ಥಾಪನೆಗೊಂಡ ಸಿ-ಡ್ಯಾಕ್ ಸಂಸ್ಥೆಯು, ಕಾನ್ಪುರದ ಐ.ಐ.ಟಿ.ಯಲ್ಲಿ ಆರಂಭವಾದ ‘ಜಿಸ್ಟ್’ ತಂತ್ರಜ್ಞಾನವನ್ನು ಮುಂದುವರಿಸಿತು. 1991ರಲ್ಲಿ ‘ಇಸ್ಕಿ’ ಸಂಕೇತ ವ್ಯವಸ್ಥೆಯು ರಾಷ್ಟ್ರೀಯ ಮಾನಕವಾಯಿತು. ಇಂದು ಯುನಿಕೋಡ್ ವ್ಯಾಪಕ ಬಳಕೆಯಲ್ಲಿದೆ. ಹೀಗೆ ಕನ್ನಡದಲ್ಲಿ ಬರೆಯುವ ಸೌಲಭ್ಯ ದೊರೆತ ಮೇಲೆ, ಬರೆದುದನ್ನು ಏಕರೂಪವಾಗಿ ತಿದ್ದುವ ಅಗತ್ಯವೂ ಒದಗಿ ಬಂದಿದೆ.

ಲಿಬ್ರೆ ಆಫೀಸ್ ರೈಟರ್‌ನಂತಹ ತಂತ್ರಾಂಶಗಳಲ್ಲಿ ಒಂದು ಪದವನ್ನು ಹುಡುಕಿ ಬದಲಿಸುವ ವ್ಯವಸ್ಥೆ ಇರುವುದು ಸರ್ವವಿದಿತ. ಇವುಗಳಿಗೆ ಜೋಡಿಸಬಹುದಾದ ಕೆಲವು ಪೂರಕ ತಂತ್ರಾಂಶಗಳು ಇನ್ನೂ ಮುಂದೆ ಹೋಗಿ, ಇಂತಹ ಅನೇಕ ಬದಲಾವಣೆಗಳನ್ನು ಪಟ್ಟಿಯಾಗಿ ಉಳಿಸಿಟ್ಟುಕೊಂಡು, ಒಂದೇ ಆಜ್ಞೆಯಿಂದ ಸಾಲಾಗಿ ನೆರವೇರಿಸುತ್ತವೆ. ಇದರಿಂದ ಶ್ರಮ ಉಳಿಯುತ್ತದೆ. ಆದರೆ ಪಟ್ಟಿಯಲ್ಲಿ ದೋಷವಿದ್ದರೆ ಅದು ನೂರಾರು ಪುಟಗಳಿಗೆ ಕ್ಷಣದಲ್ಲಿ ಹರಡುತ್ತದೆ.

ಈ ನಗರದ ಹೆಸರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಹಳೆಯ ಬರಹವೊಂದರಲ್ಲಿ ‘ಪೂನಾ’ ಎಂದಿರುವುದನ್ನು ‘ಪುಣೆ’ ಎಂದು ಬದಲಿಸಬೇಕಾಗಿದೆ. ಇದೊಂದೇ ನಿಯಮವನ್ನು ಅನ್ವಯಿಸಿದರೆ ‘ಪೂನಾದಲ್ಲಿ’ ಎಂಬುದು ‘ಪುಣೆದಲ್ಲಿ’ ಎಂದಾಗುತ್ತದೆ. ‘ಪೂನಾಕ್ಕೆ’ ಎಂಬುದು ‘ಪುಣೆಕ್ಕೆ’ ಎಂದಾಗುತ್ತದೆ. ‘ಪೂರ್ಣ ಪದ ಮಾತ್ರ’ ಎಂಬ ಆಯ್ಕೆಯನ್ನು ಬಳಸಿದರೆ, ವಿಭಕ್ತಿ ಪ್ರತ್ಯಯ ಸೇರಿದ ಈ ರೂಪಗಳು ತಿದ್ದುಪಡಿಗೆ ಸಿಗುವುದೇ ಇಲ್ಲ. ಆದುದರಿಂದ ‘ಪೂನಾದ’ ಎಂಬುದನ್ನು ‘ಪುಣೆಯ’ ಎಂದೂ, ‘ಪೂನಾಕ್ಕೆ’ ಎಂಬುದನ್ನು ‘ಪುಣೆಗೆ’ ಎಂದೂ, ‘ಪೂನಾವನ್ನು’ ಎಂಬುದನ್ನು ‘ಪುಣೆಯನ್ನು’ ಎಂದೂ ಮೊದಲು ಬದಲಿಸಿ, ಬರಿಯ ‘ಪೂನಾ’ ಎಂಬುದನ್ನು ಅನಂತರ ತಿದ್ದಬೇಕು. ಪಟ್ಟಿಯಲ್ಲಿ ದೀರ್ಘ ರೂಪ ಮೊದಲು, ಹ್ರಸ್ವ ರೂಪ ಆಮೇಲೆ ಎಂಬುದು ಮುಖ್ಯ ನಿಯಮ.

ಬದಲಿಸಲೇಬಾರದ ಹೆಸರುಗಳೂ ಉಂಟು. 1932ರ ಪೂನಾ ಒಪ್ಪಂದವು ಇತಿಹಾಸದಲ್ಲಿ ಆ ಹೆಸರಿನಿಂದಲೇ ಪ್ರಸಿದ್ಧವಾಗಿದೆ. 2014ರಲ್ಲಿ ಸಾವಿತ್ರಿಬಾಯಿ ಫುಲೆಯವರ ಹೆಸರನ್ನು ಪಡೆದ ಇಲ್ಲಿನ ವಿಶ್ವವಿದ್ಯಾಲಯವು 1949ರಲ್ಲಿ ಆರಂಭವಾದಾಗ ಪೂನಾ ವಿಶ್ವವಿದ್ಯಾಲಯವಾಗಿತ್ತು. ಹಳೆಯ ಪದವಿ ಪತ್ರಗಳನ್ನು ಉಲ್ಲೇಖಿಸುವಾಗ ಆ ಹೆಸರೇ ಇರಬೇಕು. ‘ಪೂನಾವಾಲಾ’ ಎಂಬುದು ಜನರ ಕುಲನಾಮ. ಪಿಂಚಣಿ ಆದೇಶದಲ್ಲಿ ಅದು ‘ಪುಣೆವಾಲಾ’ ಎಂದಾದರೆ, ಬ್ಯಾಂಕಿನ ದಾಖಲೆಗೆ ಹೆಸರು ಹೊಂದದೆ ವೃದ್ಧರೊಬ್ಬರು ಕಚೇರಿಯಿಂದ ಕಚೇರಿಗೆ ಅಲೆಯಬೇಕಾದೀತು. ಇಂತಹ ಹೆಸರುಗಳನ್ನು ಪಟ್ಟಿಯ ಆರಂಭದಲ್ಲಿ, ಕಡತದಲ್ಲಿ ಬೇರೆಲ್ಲೂ ಬಾರದ ಗುರುತುಗಳಿಂದ ಬದಲಿಸಿ, ಪಟ್ಟಿಯ ಕೊನೆಯಲ್ಲಿ ಮೂಲರೂಪಕ್ಕೆ ಮರಳಿಸುವುದು ಕ್ಷೇಮ.

ಕಣ್ಣಿಗೆ ಒಂದೇ ಆಗಿ ಕಾಣುವ ಅಕ್ಷರಗಳು ಯಂತ್ರಕ್ಕೆ ಬೇರೆಯಾಗಿರಬಹುದು. ಯುನಿಕೋಡ್‌ನಲ್ಲಿ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಎರಡು ಸಂಕೇತಗಳ ಜೋಡಣೆಯಾಗಿಯೂ ದಾಖಲಿಸಬಹುದು. ಕೆಲವು ತಂತ್ರಾಂಶಗಳು ಇವನ್ನು ಒಂದೆಂದು ಗುರುತಿಸುವುದಿಲ್ಲ. ಯುನಿಕೋಡ್‌ಗಿಂತ ಹಿಂದಿನ ಅಕ್ಷರ ವಿನ್ಯಾಸಗಳಲ್ಲಿರುವ ಕಡತಗಳನ್ನಂತೂ ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಂಡ ಮೇಲೆಯೇ ಪಟ್ಟಿಯನ್ನು ಅನ್ವಯಿಸತಕ್ಕದ್ದು.

ಪಟ್ಟಿಗಳ ನಿರ್ವಹಣೆಯಲ್ಲಿ ಪಾಲಿಸಬೇಕಾದ ಕ್ರಮಗಳು ಸರಳವಾಗಿವೆ. ಎಲ್ಲ ಬದಲಾವಣೆಗಳನ್ನೂ ಒಂದೇ ಪಟ್ಟಿಗೆ ತುಂಬದೆ, ಸ್ಥಳನಾಮ, ಪಾರಿಭಾಷಿಕ ಪದ, ಲೇಖನ ಚಿಹ್ನೆ ಎಂದು ಬೇರೆ ಬೇರೆ ಪಟ್ಟಿಗಳನ್ನು ಇರಿಸಬೇಕು. ಪ್ರತಿಯೊಂದಕ್ಕೂ ಅರ್ಥವಾಗುವ ಹೆಸರು, ಉದ್ದೇಶ ಮತ್ತು ತಿದ್ದಿದ ದಿನಾಂಕ ಇರಬೇಕು. ಯಂತ್ರವನ್ನು ಬದಲಿಸಿದಾಗ ಪಟ್ಟಿ ನಷ್ಟವಾಗದಂತೆ ಅದರ ಪ್ರತಿಯನ್ನು ಬೇರೆಡೆ ಕಾದಿರಿಸಬೇಕು. ಹೊಸ ನಿಯಮವನ್ನು ಸೇರಿಸುವ ಹೊಣೆ ಒಬ್ಬರದೇ ಆಗಿರುವುದು ಲೇಸು. ಹಳೆಯ ಪಟ್ಟಿಯನ್ನು ಅಳಿಸಬಾರದು.

ಪಟ್ಟಿಯನ್ನು ಮೂಲ ಕಡತದ ಮೇಲೆ ಎಂದೂ ಪ್ರಯೋಗಿಸದೆ, ಅದರ ಪ್ರತಿಯೊಂದರ ಮೇಲೆ ನಡೆಸಿ, ಫಲಿತಾಂಶವನ್ನು ಓದಿ ನೋಡಬೇಕು. ‘ಪುಣೆದ’, ‘ಪುಣೆಕ್ಕೆ’ ಮುಂತಾದ ಅಪರೂಪಗಳು ಉಳಿದಿವೆಯೇ ಎಂದು ಮತ್ತೊಮ್ಮೆ ಹುಡುಕಬೇಕು. ಆದೇಶಕ್ಕೆ ಸಹಿ ಬೀಳುವ ಮುನ್ನ ವ್ಯಕ್ತಿಗಳ ಹೆಸರುಗಳನ್ನು ಮೂಲ ದಾಖಲೆಯೊಡನೆ ಕಣ್ಣಾರೆ ಹೋಲಿಸಿ ನೋಡುವ ಪದ್ಧತಿಯನ್ನು ಪ್ರತಿಯೊಂದು ಕಚೇರಿಯೂ ರೂಢಿಸಿಕೊಳ್ಳಬೇಕೆಂದು ಕೋರುತ್ತೇನೆ.